ಬಾಗಿಲು ಮುಚ್ಚಿದರೆ ಆ ಹುಡುಗ ಎಲ್ಲಿಗೆ ಹೋಗಬೇಕು?

ಬೆಳಗ್ಗಿನ ಮದ್ರಸ ಬಿಟ್ಟ ಮೇಲೆ ಗೇಟಿನ ಬಳಿ ಕಾದು ನಿಲ್ಲುವ ತಾಯಂದಿರು ಮೊದಲೆಲ್ಲ ಮಗು ಪಾಠ ಓದುವುದಿಲ್ಲ ಎಂದು ದೂರು ಹೇಳುತ್ತಿದ್ದರು. ಈಗ ಕೆಲವರು ದೊಡ್ಡ ಮಗನ ವಿಷಯ ತೆಗೆಯುತ್ತಾರೆ. "ಉಸ್ತಾದರೇ, ಅವನು ರಾತ್ರಿ ಮಲಗುವುದಿಲ್ಲ, ದುಡ್ಡಿಗಾಗಿ ಗಲಾಟೆ ಮಾಡ್ತಾನೆ. ಯಾರಿಗೂ ಹೇಳ್ಬೇಡಿ."

ಆ ಕೊನೆಯ ಮಾತೇ ನಮ್ಮನ್ನು ಹೆಚ್ಚು ಕಾಡುತ್ತದೆ. ಹೇಳಿದರೆ ಪೊಲೀಸರು ಬರುತ್ತಾರೆ, ಜಮಾಅತ್ ದೂರ ಇಡುತ್ತದೆ, ಮಗಳ ಸಂಬಂಧ ಮುರಿದು ಹೋಗುತ್ತದೆ ಎಂಬ ಭಯ. ಅಮಲಿಗೆ ಬಿದ್ದವರ ಮನೆಯ ನಿಕಾಹ್‌ಗೆ ಸಹಕರಿಸಬಾರದು ಎಂಬ ಸಲಹೆಯೂ ಅಲ್ಲಲ್ಲಿ ಕೇಳಿ ಬರುತ್ತದೆ. ಆ ಸಿಟ್ಟು ನಮಗೆ ಅರ್ಥವಾಗುತ್ತದೆ. ಆದರೆ ಅದರಿಂದ ಚಟ ನಿಲ್ಲುವುದಿಲ್ಲ, ಅಡಗಿ ಕೂರುತ್ತದೆ ಅಷ್ಟೆ.

ಜಗತ್ತು ಈ ಪಾಠವನ್ನು ತಡವಾಗಿ ಕಲಿಯುತ್ತಿದೆ. ವಿಶ್ವಸಂಸ್ಥೆಯ ಮಾದಕವಸ್ತು ಆಯೋಗವು 2024ರ ಮಾರ್ಚ್‌ನಲ್ಲಿ ವಿಯೆನ್ನಾದಲ್ಲಿ ಅಂಗೀಕರಿಸಿದ ನಿರ್ಣಯವೊಂದರಲ್ಲಿ ಮೊದಲ ಬಾರಿಗೆ 'ಹಾನಿ ತಗ್ಗಿಸುವುದು' ಎಂಬ ಮಾತನ್ನು ಸೇರಿಸಿತು. ಅಮಲು ಸರಿ ಎಂದು ಇದರ ಅರ್ಥವಲ್ಲ. ಚಟ ಬಿಡಲು ಇನ್ನೂ ಆಗದವನು ಸಾಯದಂತೆ, ರೋಗ ಹತ್ತಿಸಿಕೊಳ್ಳದಂತೆ ನೋಡಿಕೊಂಡು, ಅವನನ್ನು ಚಿಕಿತ್ಸೆಯ ತನಕ ತಲುಪಿಸುವುದು ಅದರ ಉದ್ದೇಶ.

ಇದೆಲ್ಲ ಪಾಶ್ಚಾತ್ಯರ ಸಡಿಲ ನೀತಿ ಎನ್ನುವವರು ಇರಾನ್ ನೋಡಲಿ. ಮಾದಕವಸ್ತು ಸಾಗಿಸುವವರನ್ನು ಗಲ್ಲಿಗೇರಿಸುವ ದೇಶ ಅದು. ಆದರೆ ಜೈಲುಗಳಲ್ಲಿ ಒಂದೇ ಸೂಜಿ ಹಲವರ ಕೈ ದಾಟಿ ಎಚ್‌ಐವಿ ಹರಡಿದಾಗ ಶಿಕ್ಷೆ ಮಾತ್ರ ಸಾಲದು ಎಂದು ಅಲ್ಲಿಯವರಿಗೇ ಗೊತ್ತಾಯಿತು. ಶುದ್ಧ ಸೂಜಿ ಮತ್ತು ಮೆಥಡೋನ್ ಔಷಧ ಕೊಡುವ ಕೆಲಸಕ್ಕೆ ಅಡ್ಡಿ ಮಾಡಬೇಡಿ ಎಂದು ನ್ಯಾಯಾಂಗದ ಮುಖ್ಯಸ್ಥ ಆಯತುಲ್ಲಾ ಶಾಹ್ರೂದಿ ಅವರೇ 2005ರಲ್ಲಿ ಸುತ್ತೋಲೆ ಹೊರಡಿಸಿದರು. ಮಲೇಷ್ಯಾದ ಕೌಲಾಲಂಪುರದಲ್ಲಿ 2010ರಲ್ಲಿ ಅರ್ರಹ್ಮಾನ್ ಮಸೀದಿಯಲ್ಲೇ ಮೆಥಡೋನ್ ಚಿಕಿತ್ಸೆ ಶುರುವಾಯಿತು. ವೈದ್ಯರ ಔಷಧದ ಜೊತೆಗೆ ನಮಾಝ್ ಮತ್ತು ಬೋಧನೆಯೂ ಅಲ್ಲಿತ್ತು.

ಮೆಥಡೋನ್ ಹೆರಾಯಿನ್‌ನಂಥ ಅಫೀಮು ಜಾತಿಯ ಚಟಕ್ಕೆ ಮಾತ್ರ ಔಷಧ. ನಮ್ಮ ಕರಾವಳಿಯಲ್ಲಿ ಹೆಚ್ಚಾಗಿ ಕೇಳುವುದು ಗಾಂಜಾ, ಎಂಡಿಎಂಎ ಹೆಸರು. ಅದಕ್ಕೆ ಬೇರೆ ಚಿಕಿತ್ಸೆ ಬೇಕು. ನಾವು ಅವರಿಂದ ಕಲಿಯಬೇಕಾದದ್ದು ಮಸೀದಿಯ ಬಾಗಿಲು ತೆರೆದಿಟ್ಟ ಆ ಧೈರ್ಯವನ್ನು.

ಅಮಲು ಹರಾಮ್. ಅದರಲ್ಲಿ ಎರಡು ಮಾತಿಲ್ಲ. ಆದರೆ ಕುಡಿತಕ್ಕಾಗಿ ಮತ್ತೆ ಮತ್ತೆ ಶಿಕ್ಷೆಗೊಳಗಾದ ವ್ಯಕ್ತಿಯನ್ನು ಒಬ್ಬರು ಶಪಿಸಿದಾಗ ಪ್ರವಾದಿ(ಸ)ಯವರು ತಡೆದ ಘಟನೆಯನ್ನು ನಾವೇ ಮಕ್ಕಳಿಗೆ ಕಲಿಸುತ್ತೇವೆ. ಬುದ್ಧಿಯನ್ನು ಕಾಪಾಡುವಷ್ಟೇ ಜೀವವನ್ನು ಕಾಪಾಡುವುದೂ ಶರೀಅತ್‌ನ ಗುರಿ. ಮಾರುವವನು ಬೇರೆ, ಬಲಿಯಾದವನು ಬೇರೆ. ಮಾರುವವನ ಮೇಲೆ ಕರುಣೆ ಬೇಡ, ಅವನನ್ನು ಕಾನೂನಿಗೆ ಒಪ್ಪಿಸೋಣ.

ನಮ್ಮ ದೇಶದ ಕಾನೂನೂ ಈ ವ್ಯತ್ಯಾಸವನ್ನು ಬಲ್ಲದು. ಸೇವನೆಯ ಅಥವಾ ಸಣ್ಣ ಪ್ರಮಾಣದ ಪ್ರಕರಣದಲ್ಲಿ ಸಿಕ್ಕ ವ್ಯಸನಿ ತಾನಾಗಿಯೇ ಸರಕಾರಿ ಅಥವಾ ಸರಕಾರದ ಮಾನ್ಯತೆ ಇರುವ ಕೇಂದ್ರದಲ್ಲಿ ಚಿಕಿತ್ಸೆಗೆ ಸೇರಿದರೆ ಮೊಕದ್ದಮೆಯಿಂದ ರಕ್ಷಣೆ ಕೊಡಲು ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ಇದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು. ಕೇಂದ್ರ ಸರಕಾರದ ಉಚಿತ ಸಹಾಯವಾಣಿ 14446. ಎಷ್ಟು ಮನೆಗಳಿಗೆ ಇದು ಗೊತ್ತು?

ಪ್ರತಿ ಜಮಾಅತ್ ಗುಟ್ಟು ಕಾಪಾಡುವ ಇಬ್ಬರು ಮೂವರನ್ನು ನೇಮಿಸಲಿ. ಅದರಲ್ಲಿ ಒಬ್ಬ ಮಹಿಳೆ ಇರಲಿ, ಪರಿಚಯದ ವೈದ್ಯರ ನಂಬರ್ ಇರಲಿ. ಚಿಕಿತ್ಸೆಯ ಖರ್ಚಿಗೆ ಕೈ ಸಾಲದವರಿಗೆ ನೆರವಾಗಲಿ. ಚಿಕಿತ್ಸೆ ಮುಗಿಸಿ ಬಂದ ಹುಡುಗನನ್ನು ಸಫ್‌ನಲ್ಲಿ ಪಕ್ಕಕ್ಕೆ ಕರೆದು ನಿಲ್ಲಿಸಿಕೊಳ್ಳೋಣ. ಅವನ ತಾಯಿ ಮುಂದಿನ ಸಲ ಗೇಟಿನ ಬಳಿ ಬಂದಾಗ "ಯಾರಿಗೂ ಹೇಳ್ಬೇಡಿ" ಎನ್ನುವ ಬದಲು "ಯಾರಿಗೆ ಹೇಳಬೇಕು ಉಸ್ತಾದರೇ?" ಎಂದು ಕೇಳುವಂತಾಗಲಿ.