ದೆವ್ವದ ಪುಸ್ತಕವೂ ನಮ್ಮ ಸೀಮೆಯ ಭಾನಾಮತಿಯೂ

ಮೊನ್ನೆ ನನ್ನ ಹಳೆಯ ಸಹೋದ್ಯೋಗಿಯೊಬ್ಬರು ದೂರವಾಣಿ ಮಾಡಿದರು. ಕುಶಲಪ್ರಶ್ನೆಗೂ ಅವಕಾಶ ಕೊಡದೆ, ‘ಏನ್ರೀ ಮಾಸ್ತರ, ನಿಮ್ಮ ಹುಡುಗರು ತಿಂಗಳಿಗೊಂದು ದೆವ್ವದ ಪುಸ್ತಕ ಓದ್ಲಾಕತ್ತಾರಂತಲ್ಲ? ಅದು ಸಾಲದಂತ ಚಿತ್ರದ ಪುಸ್ತಕ ಬ್ಯಾರೆ! ಅವರೇನು ಸಣ್ಣ ಕೂಸುಗಳೇನ್ರಿ? ನೀವಾದ್ರೂ ನಾಲ್ಕು ಬುದ್ಧಿಮಾತು ಹೇಳಬಾರದಾ?’ ಎಂದರು. ಆ ಹೊತ್ತಿಗೆ ಹಾಂ ಹೂಂ ಎಂದು ಜಾರಿಕೊಂಡೆ. ಅವರು ನನಗಿಂತ ಎರಡು ವರ್ಷ ಹಿರಿಯರು. ಎದುರಾಡುವ ಅಭ್ಯಾಸ ನನಗಿಲ್ಲ. ಆದರೆ ಅಂದು ನುಂಗಿಕೊಂಡ ಉತ್ತರ ಎದೆಯಲ್ಲಿಯೇ ಉಳಿದಿದೆ. ಅದನ್ನು ಇಲ್ಲಿ ಬರೆಯುತ್ತೇನೆ.

ಅವರು ಹೇಳಿದ ‘ಹುಡುಗರು’ ನಿಮ್ಮಲ್ಲಿಯೇ ಕೆಲವರು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳಲ್ಲಿ ಚದುರಿಹೋಗಿರುವ ಹತ್ತು ಹನ್ನೆರಡು ಮಂದಿ. ಸಿಮೆಂಟು ಕಾರ್ಖಾನೆಯವರು, ರೈಲ್ವೆಯವರು, ಫರಸಿ ಕಲ್ಲಿನ ವ್ಯಾಪಾರ ಮಾಡುವವನೊಬ್ಬ, ಶಿಕ್ಷಕಿಯರಿಬ್ಬರು. ತಿಂಗಳಿಗೊಮ್ಮೆ ಸರದಿಯ ಪ್ರಕಾರ ಒಂದೊಂದು ಊರಿನಲ್ಲಿ ಕೂಡುತ್ತಾರೆ, ಒಂದು ಪುಸ್ತಕವನ್ನು ಆರಿಸಿ ಓದಿ ಚರ್ಚಿಸುತ್ತಾರೆ. ಮೊದಲ ನಾಲ್ಕು ಊರುಗಳಿಗೆ ರೈಲಿನ ಅನುಕೂಲವಿದೆ. ಚಿಂಚೋಳಿಯ ಸರದಿ ಬಂದಾಗ ಮಾತ್ರ ಎಲ್ಲರೂ ಬಸ್ಸಿನಲ್ಲಿ ಮೈ ನೋಯಿಸಿಕೊಳ್ಳಬೇಕು. ಇತ್ತೀಚಿನ ಅವರ ಆಯ್ಕೆಗಳೆಲ್ಲ ಭಯಾನಕ ಕಾದಂಬರಿಗಳು ಮತ್ತು ಚಿತ್ರಕಾದಂಬರಿಗಳು ಎಂಬುದು ನಿಜ. ಇದರಲ್ಲಿ ತಪ್ಪೇನು?

ಮೊದಲು ಚಿತ್ರದ ಮಾತು. ನನ್ನ ಸಹೋದ್ಯೋಗಿಗಳು ಚಿತ್ತಾಪುರ ತಾಲ್ಲೂಕಿನವರೇ. ಅವರ ತಾಲ್ಲೂಕಿನ ಸನ್ನತಿಯ ಬಳಿ, ಭೀಮಾ ತೀರದ ಕನಗನಹಳ್ಳಿಯಲ್ಲಿ, 1990ರ ದಶಕದಲ್ಲಿ ಪುರಾತತ್ವ ಇಲಾಖೆಯವರು ಮಣ್ಣು ಸರಿಸಿದಾಗ ಹೊರಬಂದ ಬೌದ್ಧ ಸ್ತೂಪದ ಚಪ್ಪಡಿಗಳನ್ನು ಅವರು ನೋಡಿರಲೇಬೇಕು. ಜಾತಕ ಕಥೆಗಳ ದೃಶ್ಯಗಳನ್ನು ಕಲ್ಲಿನಲ್ಲಿ ಕೊರೆದು, ಇವನು ಯಾರು, ಇದು ಯಾವ ಪ್ರಸಂಗ ಎಂಬುದನ್ನು ಬ್ರಾಹ್ಮಿ ಲಿಪಿಯಲ್ಲಿ ಚುಟುಕಾಗಿ ಬರೆದಿದ್ದಾರೆ. ರಾಣಿಯೊಡನೆ ನಿಂತ ಅರಸನ ಚಿತ್ರದ ಮೇಲೆ ‘ರಾಯೋ ಅಶೋಕೋ’ ಎಂಬ ಹೆಸರು ದೊರೆತದ್ದು ಅಲ್ಲಿಯೇ. ಚಿತ್ರ, ಅದರ ಜೊತೆಗೆ ಎರಡು ಮಾತು, ಮುಂದೆ ಇನ್ನೊಂದು ಚಿತ್ರ: ಕಾಮಿಕ್ಸ್ ಎಂಬುದು ಇದಲ್ಲದೆ ಮತ್ತೇನು? ಎರಡು ಸಾವಿರ ವರ್ಷಗಳ ಹಿಂದೆ ನಮ್ಮ ಸೀಮೆಯ ಭಕ್ತರು ಸ್ತೂಪದ ಸುತ್ತ ನಡೆಯುತ್ತ ಓದಿದ್ದು ಚಿತ್ರಕಥೆಯನ್ನೇ. ಅವರನ್ನು ಸಣ್ಣ ಕೂಸುಗಳೆಂದು ಯಾರೂ ಜರೆದಿಲ್ಲ.

ಹತ್ತಿರದ ಕಾಲಕ್ಕೆ ಬಂದರೆ, ದೇಶದ ಮಕ್ಕಳೆಲ್ಲ ಇಂಗ್ಲಿಷಿನಲ್ಲಿ ಓದಿದ ‘ಅಮರ ಚಿತ್ರ ಕಥೆ’ ಮೊದಲು ಅಚ್ಚಾದದ್ದು ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಪುಸ್ತಕ ಮಾರಾಟಗಾರ ಜಿ. ಕೆ. ಅನಂತರಾಮ್ ಅವರಿಗೆ ಹೊಳೆದ ಯೋಜನೆಯದು. ಮುಂದೆ ಅದನ್ನು ಬೆಳೆಸಿದ ಅನಂತ ಪೈ ಕೂಡ ಕಾರ್ಕಳದಲ್ಲಿ ಹುಟ್ಟಿದವರು. ಇಷ್ಟಿದ್ದೂ ಚಿತ್ರದ ಪುಸ್ತಕವೆಂದರೆ ನಾವು ಮೇಷ್ಟರುಗಳು ಮೂಗು ಮುರಿಯುತ್ತೇವೆ.

ಈ ಮೂಗು ಮುರಿಯುವಿಕೆ ನಮ್ಮದೊಂದೇ ರೋಗವಲ್ಲ. ಅಮೆರಿಕದಲ್ಲಿ 1954ರಲ್ಲಿ ಫ್ರೆಡ್ರಿಕ್ ವರ್ದಂ ಎಂಬ ಮನೋವೈದ್ಯರು, ಭಯಾನಕ ಕಾಮಿಕ್ಸ್ ಓದಿದ ಮಕ್ಕಳು ಅಪರಾಧಿಗಳಾಗುತ್ತಾರೆಂದು ದೊಡ್ಡದೊಂದು ಗ್ರಂಥ ಬರೆದರು. ಸೆನೆಟ್ಟಿನ ಉಪಸಮಿತಿ ವಿಚಾರಣೆ ನಡೆಸಿತು. ಹೆದರಿದ ಪ್ರಕಾಶಕರು ಅದೇ ವರ್ಷ ತಮಗೆ ತಾವೇ ಒಂದು ನೀತಿಸಂಹಿತೆ ವಿಧಿಸಿಕೊಂಡು ಪ್ರೇತ ಪಿಶಾಚಿಗಳನ್ನು ಪುಟಗಳಿಂದ ಹೊರಗಟ್ಟಿದರು. ಆ ಸಂಹಿತೆ ಪೂರ್ತಿ ಅಳಿದದ್ದು 2011ರಲ್ಲಿ. ಮರುವರ್ಷವೇ ಕ್ಯಾರಲ್ ಟಿಲ್ಲಿ ಎಂಬ ವಿದ್ವಾಂಸೆ ವರ್ದಂ ಅವರ ಕಾಗದಪತ್ರಗಳನ್ನು ತೆಗೆದು ನೋಡಿ, ಅವರು ಮಕ್ಕಳ ಹೇಳಿಕೆಗಳನ್ನು ತಮ್ಮ ವಾದಕ್ಕೆ ತಕ್ಕಂತೆ ತಿದ್ದಿದ್ದರೆಂದು ತೋರಿಸಿಕೊಟ್ಟರು. ಅಷ್ಟು ವರ್ಷ ಒಂದು ಸಾಹಿತ್ಯಪ್ರಕಾರದ ಕುತ್ತಿಗೆ ಹಿಸುಕಿದ ಮೇಲೆ ತಿಳಿದ ಸತ್ಯವಿದು.

ಇನ್ನು ದೆವ್ವದ ವಿಷಯ. ಇಲ್ಲಿ ನಾನು ಸೇಡಂ ತಾಲ್ಲೂಕಿನ ಮಳಖೇಡವನ್ನು ನೆನೆಯದೆ ಇರಲಾರೆ. ಮಳಖೇಡವೆಂದರೆ ಎಲ್ಲರ ಬಾಯಲ್ಲೂ ನೃಪತುಂಗ ಮತ್ತು ಕವಿರಾಜಮಾರ್ಗ. ಆದರೆ ಅದೇ ಮಾನ್ಯಖೇಟದಲ್ಲಿ ಹತ್ತನೆಯ ಶತಮಾನದಲ್ಲಿ ಮಂತ್ರಿ ಭರತ ಮತ್ತು ಅವನ ಮಗ ನನ್ನರ ಆಶ್ರಯದಲ್ಲಿದ್ದ ಪುಷ್ಪದಂತ ಕವಿ ಅಪಭ್ರಂಶ ಭಾಷೆಯಲ್ಲಿ ‘ಜಸಹರ ಚರಿಉ’ ಎಂಬ ಕಾವ್ಯ ಬರೆದದ್ದನ್ನು ಎಷ್ಟು ಜನ ಬಲ್ಲರು? ಯಶೋಧರನ ಕಥೆಯದು. ಉಗ್ರದೇವಿಯ ಗುಡಿ, ಬಲಿಗಾಗಿ ತಂದು ನಿಲ್ಲಿಸಿದ ಪ್ರಾಣಿಗಳ ಜೋಡಿಗಳು, ಅವುಗಳ ನಡುವೆ ಎಳೆಯ ಅಣ್ಣತಂಗಿಯರಿಬ್ಬರು, ಎದುರಿಗೆ ಕತ್ತಿ ಹಿಡಿದ ಅರಸ ಮಾರಿದತ್ತ. ಇದೇ ಕಥೆಯನ್ನು 1209ರಲ್ಲಿ ಜನ್ನ ಕನ್ನಡದಲ್ಲಿ ‘ಯಶೋಧರ ಚರಿತೆ’ಯಾಗಿ ಹಾಡಿದ. ಆ ಚಂಡಮಾರಿಯ ಗುಡಿಯ ವರ್ಣನೆಯನ್ನು ರಾತ್ರಿ ಒಬ್ಬರೇ ಕುಳಿತು ಓದಿ ನೋಡಿ. ಇಂದಿನ ಭಯಾನಕ ಕಾದಂಬರಿಗಳು ಅದರ ಮುಂದೆ ಸಪ್ಪೆ. ಜನ್ನನನ್ನು ನನ್ನ ಸಹೋದ್ಯೋಗಿಗಳು ಮೂವತ್ತು ವರ್ಷ ಪಾಠ ಹೇಳಿದ್ದಾರೆ!

ಅವರೂ ನಾನೂ ಹುಡುಗರಾಗಿದ್ದಾಗ ಓದಿದ್ದೇನು? 1949ರಿಂದ ಕನ್ನಡದಲ್ಲಿ ಬರುತ್ತಿದ್ದ ‘ಚಂದಮಾಮ’. ಹೆಗಲ ಮೇಲೆ ಹೆಣ ಹೊತ್ತು, ಕೈಯಲ್ಲಿ ಕತ್ತಿ ಹಿಡಿದು ಸ್ಮಶಾನದಲ್ಲಿ ನಡೆಯುವ ವಿಕ್ರಮನ ಆ ಚಿತ್ರವನ್ನು ಶಂಕರ್ ಬರೆದಿದ್ದರು. 2020ರಲ್ಲಿ ಅವರು ತೀರಿಕೊಂಡಾಗ ನನಗೆ ಮನೆಯ ಹಿರಿಯರೊಬ್ಬರು ಹೋದಂತಾಯಿತು. ತಿಂಗಳಿಗೊಂದು ಬೇತಾಳನ ಕಥೆ, ಅದೂ ಚಿತ್ರಸಹಿತ. ನಮ್ಮ ಹುಡುಗರು ಇಂದು ಮಾಡುತ್ತಿರುವುದಕ್ಕೂ ಇದಕ್ಕೂ ಭೇದವೇನು?

ಒಂದು ಭೇದವಿದೆ. ಇನ್ನು ಮುಂದಿನ ಮಾತು ಸಹೋದ್ಯೋಗಿಗಳಿಗಲ್ಲ, ಆ ಹುಡುಗರಿಗೆ ಮತ್ತು ನನಗೆ.

1980ರ ದಶಕದಲ್ಲಿ ಯಂಡಮೂರಿ ವೀರೇಂದ್ರನಾಥರ ‘ತುಳಸಿದಳ’ ತೆಲುಗಿನಿಂದ ಕನ್ನಡಕ್ಕೆ ಬಂದು ಮನೆಮನೆಯಲ್ಲಿ ಓದಿಸಿಕೊಂಡಿತು. 1985ರಲ್ಲಿ ಚಲನಚಿತ್ರವೂ ಆಯಿತು. ಪುಟ್ಟ ಬಾಲಕಿಯೊಬ್ಬಳ ಮೇಲೆ ಕಾಷ್ಮೋರವೆಂಬ ಮಾಟ ಪ್ರಯೋಗಿಸುವ ಕಥೆ. ಗಡಿಯಾಚೆಯ ತಾಂಡೂರಿಗೆ ನಿತ್ಯ ಹೋಗಿಬರುವ ನಮ್ಮ ಸೇಡಂ, ಚಿಂಚೋಳಿಯ ಜನರಲ್ಲಿ ಕೆಲವರು ಅದನ್ನು ತೆಲುಗಿನಲ್ಲಿಯೇ ಓದಿ ಮುಗಿಸಿದ್ದರು. ಆಗ ನಾನು ಹಳ್ಳಿಯ ಶಾಲೆಯೊಂದರಲ್ಲಿದ್ದೆ. ಹತ್ತನೆಯ ತರಗತಿಯ ಹುಡುಗನೊಬ್ಬ ವ್ಯಾಕರಣದ ಪುಸ್ತಕದೊಳಗೆ ಈ ಕಾದಂಬರಿ ಇಟ್ಟುಕೊಂಡು ಓದುತ್ತಿದ್ದ. ಕಸಿದುಕೊಂಡೆ, ತರಗತಿಯ ಮುಂದೆ ನಿಲ್ಲಿಸಿ ಮೂಢನಂಬಿಕೆಯ ವಿರುದ್ಧ ಅರ್ಧ ಗಂಟೆ ಭಾಷಣ ಬಿಗಿದೆ. ಎಲ್ಲವನ್ನೂ ಕೇಳಿದ ಮೇಲೆ ಆ ಹುಡುಗ ಮೆಲ್ಲಗೆ, ‘ಸರ್, ಮತ್ತ ನಮ್ಮ ಓಣಿಯಾಗ ಆಯಿಗಿ ಬಡಿಲಾಕತ್ತಾರಲ್ರಿ, ಅದು ಸುಳ್ಳೇನ್ರಿ?’ ಎಂದು ಕೇಳಿದ.

ಓಣಿಯ ಸಂಗತಿ ನನಗೆ ಗೊತ್ತಿತ್ತು. ಹೊರಗಿನ ಬಂಧುಗಳಿಗಾಗಿ ಒಂದು ಮಾತು: ನಮ್ಮ ಕಲಬುರಗಿ, ಬೀದರ ಜಿಲ್ಲೆಗಳಲ್ಲಿ ಮತ್ತು ತೆಲಂಗಾಣದ ನೆರೆಯ ಹಳ್ಳಿಗಳಲ್ಲಿ ಭಾನಾಮತಿ ಎಂಬ ಮಾಟದ ನಂಬಿಕೆ ಬಹುಕಾಲ ಬೇರೂರಿತ್ತು. ಮನೆಯ ಮೇಲೆ ಕಲ್ಲು ಬೀಳುವುದು, ಪೆಟ್ಟಿಗೆಯಲ್ಲಿಟ್ಟ ಬಟ್ಟೆ ತಾನಾಗಿ ಹೊತ್ತಿಕೊಳ್ಳುವುದು, ಹೆಂಗಸರು ನಾಯಿಯಂತೆ ಬೊಗಳುವುದು ಇವೆಲ್ಲ ಅದರ ಲಕ್ಷಣಗಳೆಂದು ಹೇಳುತ್ತಿದ್ದರು. ಲಕ್ಷಣ ಕಂಡ ಕೂಡಲೇ ‘ಮಾಡಿಸಿದವರು ಯಾರು’ ಎಂಬ ಹುಡುಕಾಟ ಆರಂಭವಾಗುತ್ತಿತ್ತು. ಆ ಹುಡುಕಾಟ ಗೌಡರ ವಾಡೆಯ ಬಾಗಿಲಿಗೆ ಹೋದುದನ್ನು ನಾನು ಕಾಣೆ. ಅದು ನಿಲ್ಲುತ್ತಿದ್ದುದು ದಿಕ್ಕಿಲ್ಲದ ವಿಧವೆಯ ಗುಡಿಸಲಿನ ಮುಂದೆ, ಇಲ್ಲವೆ ತುಂಡು ಹೊಲದ ವ್ಯಾಜ್ಯವಿದ್ದ ಬಡವನ ಅಂಗಳದಲ್ಲಿ. ಆ ಹುಡುಗನ ಓಣಿಯಲ್ಲಿಯೂ ಹಾಗೆಯೇ ಆಗಿತ್ತು. ಮಗುವೊಂದಕ್ಕೆ ಮೂರ್ಛೆ ಬಂದಿತ್ತು; ಎದುರುಮನೆಯ ಮುದುಕಿಯನ್ನು ಕಟ್ಟೆಗೆ ಎಳೆತಂದು ಬಡಿದಿದ್ದರು. ನಾನು ಆ ಸಂಜೆ ಕಟ್ಟೆಯ ಪಕ್ಕದ ದಾರಿಯಲ್ಲಿಯೇ ಮನೆಗೆ ಹೋದೆ. ಮೂರ್ಛೆರೋಗಕ್ಕೆ ಔಷಧವಿದೆಯೆಂದು ಬಲ್ಲ ಓದಿದವನು ಅಲ್ಲಿ ನಾನೊಬ್ಬನೇ ಇದ್ದೆ; ಆದರೂ ಬಾಯಿ ಬಿಡಲಿಲ್ಲ. ‘ಊರ ಉಸಾಬರಿ ನಮಗ್ಯಾಕ, ಬದಲಿ ಊರಿನವರು ನಾವು’ ಎಂದುಕೊಂಡೆ. ಹುಡುಗನಿಂದ ಪುಸ್ತಕ ಕಸಿಯಲು ಇದ್ದ ಧೈರ್ಯ ಕಟ್ಟೆಯ ಮುಂದೆ ಇರಲಿಲ್ಲ. ಉತ್ತರ ಗೊತ್ತಿದ್ದೂ ಹೇಳದವನಿಗೆ ಬೇತಾಳ ಏನು ಶಾಪ ಕೊಡುತ್ತಿದ್ದನೆಂಬುದು ನಿಮಗೆ ನೆನಪಿರಬಹುದು. ಮುದುಕಿ ಮುಂದಿನ ಮಳೆಗಾಲಕ್ಕೆ ಮೊದಲೇ ಊರು ಬಿಟ್ಟಳು. ಎಲ್ಲಿಗೆ ಹೋದಳೆಂದು ನಾನು ವಿಚಾರಿಸಲಿಲ್ಲ.

ಆದ್ದರಿಂದ, ದೆವ್ವದ ಪುಸ್ತಕದಿಂದ ಸಮಾಜ ಕೆಡುತ್ತದೆಂದು ಗುಡುಗುವ ನಿವೃತ್ತರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ನಾವು ನಿಷೇಧಿಸಿದ್ದು ಯಾವಾಗಲೂ ಕಾಗದದ ದೆವ್ವವನ್ನು. ನಮ್ಮ ಜೀವಮಾನದಲ್ಲಿ ಯಾವ ಕಟ್ಟೆಯ ಮುಂದೆ ನಾವು ನಿಂತು ಮಾತನಾಡಿದೆವು? ಇದು ಹಳೆಯ ಕಾಲದ ಕಥೆಯೆಂದೂ ತಳ್ಳಿಹಾಕುವಂತಿಲ್ಲ. 2019ರ ಡಿಸೆಂಬರ್ 26ರ ಸೂರ್ಯಗ್ರಹಣದ ದಿನ ಕಲಬುರಗಿಯ ಮಗ್ಗುಲಿನ ತಾಜಸುಲ್ತಾನಪುರದಲ್ಲಿ, ಅಂಗವೈಕಲ್ಯ ವಾಸಿಯಾಗುವುದೆಂಬ ನಂಬಿಕೆಯಿಂದ ಮಕ್ಕಳನ್ನು ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂತಿದ್ದನ್ನು ಪತ್ರಿಕೆಗಳಲ್ಲಿ ಎಲ್ಲರೂ ನೋಡಿದ್ದೇವೆ. ಅಮಾನವೀಯ ಆಚರಣೆ ಮತ್ತು ವಾಮಾಚಾರಗಳ ವಿರುದ್ಧ 2017ರಲ್ಲಿ ರೂಪಿಸಿದ ಕಾಯಿದೆ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದದ್ದು ಅದರ ಮರುತಿಂಗಳು, 2020ರ ಜನವರಿಯಲ್ಲಿ. ಆ ಮಕ್ಕಳ ತಂದೆತಾಯಿಗಳು ಯಾವ ಭಯಾನಕ ಕಾದಂಬರಿಯನ್ನೂ ಓದಿ ಹಾಗೆ ಮಾಡಿದವರಲ್ಲ.

ಹಾಗೆಂದು, ಪ್ರಿಯ ಹುಡುಗರೇ, ನೀವು ಗೆದ್ದೆವೆಂದು ಬೀಗಬೇಡಿ. ನೀವು ಆರಿಸಿದ ಪುಸ್ತಕಗಳಲ್ಲಿ ನಾಲ್ಕನ್ನು ನಾನೂ ತರಿಸಿಕೊಂಡು ಓದಿದೆ. ಮೂರರಲ್ಲಿ ದೆವ್ವವಾಗಿ ಬರುವವಳು ಹೆಂಗಸು. ಬಾವಿಗೆ ಬಿದ್ದವಳೋ, ಬಿಟ್ಟುಹೋದ ಗಂಡನಿಗಾಗಿ ಅಲೆಯುವವಳೋ. ಕೊನೆಯ ಅಧ್ಯಾಯದಲ್ಲಿ ಮಂತ್ರವಾದಿ ಬಂದು ಅವಳನ್ನು ಸುಡುತ್ತಾನೆ, ಊರು ನಿಟ್ಟುಸಿರು ಬಿಡುತ್ತದೆ, ಓದುಗನೂ ಬಿಡುತ್ತಾನೆ. ಅವಳನ್ನು ಬಾವಿಗೆ ನೂಕಿದವರು ಯಾರೆಂಬುದನ್ನು ಲೇಖಕ ಎರಡು ಸಾಲಿನಲ್ಲಿ ಹೇಳಿ ದಾಟಿಬಿಟ್ಟಿದ್ದಾನೆ. ಬೆಂಗಳೂರಿನ ಓದುಗನಿಗೆ ಇದು ಬರೀ ರೋಮಾಂಚನವಿರಬಹುದು. ಭಾನಾಮತಿಯ ಸೀಮೆಯಲ್ಲಿ ಕುಳಿತು ಓದುವ ನಾವು ಆ ನಿಟ್ಟುಸಿರಿಗೆ ಪಾಲುದಾರರಾಗಬಾರದು. ಪುಸ್ತಕವನ್ನು ಬಿಡಬೇಡಿ; ಓದಿ ಮುಗಿಸಿದ ಮೇಲೆ, ಇಲ್ಲಿ ಆಪಾದನೆ ಯಾರ ಮೇಲೆ ಬಂತು, ಲಾಭ ಯಾರಿಗಾಯಿತು ಎಂದು ಸಭೆಯಲ್ಲಿ ಕೇಳಿ. ಬೇತಾಳನೂ ಮಾಡುತ್ತಿದ್ದುದು ಇದನ್ನೇ. ಅವನು ಹೆದರಿಸಿ ಬಿಟ್ಟುಬಿಡುತ್ತಿರಲಿಲ್ಲ, ನ್ಯಾಯ ಕೇಳುತ್ತಿದ್ದ. ಮಾರಿದತ್ತನೂ ಬಲಿಗೆ ತಂದ ಮಕ್ಕಳ ಮಾತು ಕೇಳಿದ ಮೇಲೆಯೇ ಕತ್ತಿ ಕೆಳಗಿಟ್ಟ.

ಚಿತ್ರಕಾದಂಬರಿಗಳಲ್ಲಿ ನಿಮ್ಮ ಆಯ್ಕೆ ಇದಕ್ಕಿಂತ ಮೇಲು. ಅಂಬೇಡ್ಕರರ ಬಾಳನ್ನು ಗೊಂಡ ಕಲಾವಿದರಾದ ದುರ್ಗಾಬಾಯಿ ಮತ್ತು ಸುಭಾಷ್ ವ್ಯಾಮ್ ದಂಪತಿಗಳು ಚಿತ್ರಿಸಿದ ‘ಭೀಮಾಯನ’ (2011) ನಿಮ್ಮ ಪಟ್ಟಿಯಲ್ಲಿದ್ದುದನ್ನು ಕಂಡು ಸಂತೋಷವಾಯಿತು. ಬಾಯಾರಿದ ಹುಡುಗನಿಗೆ ನೀರು ಕೊಡದ ಆ ಪುಟಗಳಿಗಿಂತ ಭಯಾನಕವಾದುದನ್ನು ಯಾವ ಪಿಶಾಚಿಯ ಕಥೆಯಲ್ಲಿಯೂ ನಾನು ಕಂಡಿಲ್ಲ.

ಮುಂದಿನ ತಿಂಗಳ ಸಭೆ ಶಹಾಬಾದದಲ್ಲಿ ಎಂದು ಕೇಳಿದೆ. ಪುಸ್ತಕ ಇನ್ನೂ ನಿಶ್ಚಯವಾಗಿರದಿದ್ದರೆ ‘ಯಶೋಧರ ಚರಿತೆ’ ಇಟ್ಟುಕೊಳ್ಳಿ. ಹಳಗನ್ನಡವೆಂದು ಅಂಜಬೇಡಿ, ನಾನೇ ಬಂದು ಓದಿ ಅರ್ಥ ಹೇಳುತ್ತೇನೆ. ರೈಲಿನಲ್ಲಿ ಕಿಟಕಿಯ ಪಕ್ಕ ಜಾಗ ಹಿಡಿದುಕೊಡಲು ಯಾರಾದರೂ ನಿಲ್ದಾಣಕ್ಕೆ ಬಂದರೆ ಸಾಕು. ನನಗೆ ದೂರವಾಣಿ ಮಾಡಿದ ಹಿರಿಯರನ್ನೂ ಕರೆತರುವ ವಿಚಾರವಿದೆ. ಇನ್ನೊಂದು ಸಂಗತಿ: ಅಂದು ಕಸಿದುಕೊಂಡ ಆ ‘ತುಳಸಿದಳ’ ನನ್ನ ಕಪಾಟಿನಲ್ಲಿ ಈಗಲೂ ಇದೆ, ರಟ್ಟು ಹೋಗಿದೆ. ಆ ಹುಡುಗ ಈ ಬರಹವನ್ನು ಓದಿದರೆ, ಬಂದು ತನ್ನ ಪುಸ್ತಕ ತೆಗೆದುಕೊಂಡು ಹೋಗಲಿ. ಅವನ ಪ್ರಶ್ನೆಗೆ ಅಂದು ಕೊಡದ ಉತ್ತರವನ್ನೂ ಎದುರಿಗೆ ಕುಳಿತು ಹೇಳುವುದಿದೆ.