ಒಂದು ಹಿಡಿ ಅಕ್ಕಿ ಮತ್ತು ಅದರಾಚೆ



ಕಾಫಿ ಕೊಯ್ಲು ಮುಗಿದು ಮಳೆ ಹಿಡಿದುಕೊಂಡಿತೆಂದರೆ ತಾತ್ಕಾಲಿಕ ಕೆಲಸಗಾರರ ಹೆಸರು ಕರೆಯುವವರಿಲ್ಲ. ನಮ್ಮ ಮಲಯಾಳಿ ನೆರೆಯವರು ಕರ್ಕಾಟಕಕ್ಕೆ ಪಂಞ ಮಾಸ, ಅಂದರೆ ಇಲ್ಲದ ತಿಂಗಳು, ಎಂದು ಹೆಸರಿಟ್ಟದ್ದು ಸುಮ್ಮನೆ ಅಲ್ಲ. ಆಗ ಪಾಡಿಯ ಎಷ್ಟೋ ಒಲೆಗಳು ದಿನಕ್ಕೆ ಒಂದೇ ಸಲ ಉರಿಯುತ್ತವೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಮಕ್ಕಳ ಮುಖ ನೋಡಿದರೆ ತಿಳಿಯುತ್ತದೆ.

ಕಳೆದ ಮಳೆಗಾಲದಲ್ಲಿ ನಾವು ಕೆಲವರು ಸೇರಿ ಅಕ್ಕಿ, ಬೇಳೆ, ಎಣ್ಣೆ ಕೂಡಿಸಿದೆವು. ಭಾನುವಾರ ಪೂಜೆಯಾದ ಮೇಲೆ ಹೆಸರು ಓದಿ ಹಂಚಿದೆವು. ಓದಿದವನು ನಾನೇ. ಒಬ್ಬ ವಿಧವೆ ತಾಯಿಯ ಹೆಸರನ್ನು ಎರಡು ಸಲ ಕೂಗಿದೆ. ಅವರು ಹಿಂದಿನ ಬೆಂಚಿನಿಂದ ಎದ್ದು ಹೊರಗೆ ನಡೆದರು. ಸಂಜೆ ಚೀಲ ಹೊತ್ತು ಮನೆಗೆ ಹೋದಾಗ, "ಹಸಿವು ತಡಕೊಳ್ಳಬಹುದು ಉಪದೇಶಿಯವರೇ, ಮಗಳ ಎದುರಿಗೆ ಹೆಸರು ಕೂಗಿಸಿಕೊಳ್ಳಲು ಆಗಲಿಲ್ಲ" ಎಂದರು. ತಪ್ಪು ನನ್ನದು. ಅದನ್ನು ಇಲ್ಲಿ ಒಪ್ಪಿಕೊಳ್ಳುತ್ತೇನೆ.

ಕೊಡುವುದಕ್ಕೂ ಒಂದು ರೀತಿ ಇದೆ. 2014ರಲ್ಲಿ ಸಂತರೆಂದು ಘೋಷಿತರಾದ ಚಾವರ ಕುರಿಯಾಕೋಸ್ ಎಲಿಯಾಸ್ ಗುರುಗಳು 19ನೇ ಶತಮಾನದಲ್ಲಿ ಮಾನ್ನಾನಂನ ಬಡ ಶಾಲಾಮಕ್ಕಳ ಮಧ್ಯಾಹ್ನದ ಊಟಕ್ಕೆ ಪಿಡಿಯರಿ ಕೂಡಿಸಿದರು. ಅನ್ನಕ್ಕೆ ಅಕ್ಕಿ ತೆಗೆಯುವಾಗ ಮನೆಯಾಕೆ ಒಂದು ಹಿಡಿಯನ್ನು ಬೇರೆ ಪಾತ್ರೆಗೆ ಹಾಕಿಡುವುದೇ ಪಿಡಿಯರಿ. ಬಡವರೂ ಇದನ್ನು ಕೊಡಬಲ್ಲರು. ಇಂದು ಹಾಕಿದವಳು ನಾಳೆ ಪಡೆದರೆ ನಾಚಿಕೆಪಡಬೇಕಾಗಿಲ್ಲ.

1833ರಲ್ಲಿ ಪ್ಯಾರಿಸ್ ಪಟ್ಟಣದಲ್ಲಿ ಫ್ರೆಡರಿಕ್ ಓಝನಾಮ್ ಎಂಬ 20 ವರ್ಷದ ವಿದ್ಯಾರ್ಥಿ ಗೆಳೆಯರ ಜೊತೆ ಕಟ್ಟಿದ ಸಂಘವೇ ಇಂದು ಅನೇಕ ಧರ್ಮಕೇಂದ್ರಗಳಲ್ಲಿರುವ ಸಂತ ವಿನ್ಸೆಂಟ್ ದೆ ಪಾಲ್ ಸಭೆ. ಅವರು ಬಡವರನ್ನು ತಮ್ಮ ಬಾಗಿಲಿಗೆ ಕರೆಸದೆ ತಾವೇ ಅವರ ಮನೆಗೆ ಹೋದರು. ಮನೆಯೊಳಗೆ ಕುಳಿತು ಮಾತಾಡಿದರೆ ತಾನೆ ಮಡಕೆ ಏಕೆ ಬರಿದಾಯಿತೆಂದು ತಿಳಿಯುವುದು?

ಆ ತಾಯಿಯ ಮನೆಯಲ್ಲಿ ನನಗೂ ಅದು ತಿಳಿಯಿತು. ಗಂಡ ತೀರಿಕೊಂಡ ಮೇಲೆ ರೇಷನ್ ಕಾರ್ಡು ತಿದ್ದಿಸಿರಲಿಲ್ಲ. ಅವನ ಪಿ.ಎಫ್. ಹಣಕ್ಕೆ ಅರ್ಜಿಯೇ ಹೋಗಿರಲಿಲ್ಲ. ಮಲಯಾಳದಲ್ಲಿ ಬಂದ ಕಾಗದಗಳನ್ನು ಓದಲಾರದೆ ಟ್ರಂಕಿನಲ್ಲಿ ಇಟ್ಟಿದ್ದರು. ನಾವು ಕೊಟ್ಟ ಐದು ಕಿಲೋ ಅಕ್ಕಿ ಎಷ್ಟು ದಿನ ಬಂದೀತು? 2013ರ ಆಹಾರ ಭದ್ರತಾ ಕಾಯ್ದೆಯಂತೆ ಅಂತ್ಯೋದಯ ಕುಟುಂಬಕ್ಕೆ ತಿಂಗಳಿಗೆ 35 ಕಿಲೋ, ಆದ್ಯತಾ ಕಾರ್ಡಿನವರಿಗೆ ತಲೆಗೆ 5 ಕಿಲೋ ಧಾನ್ಯ ಸಲ್ಲಬೇಕು. ಅದನ್ನು ಕೇಳುವುದು ಭಿಕ್ಷೆಯಲ್ಲ, ಹಕ್ಕು.

ಆದಿ ಸಭೆಯಲ್ಲಿಯೂ ಇಂಥದೇ ದೂರು ಎದ್ದಿತ್ತು. ಜೆರುಸಲೇಮಿನಲ್ಲಿ ದಿನದ ಆಹಾರ ಹಂಚುವಾಗ ಗ್ರೀಕ್ ಮಾತಾಡುವ ವಿಧವೆಯರನ್ನು ಕಡೆಗಣಿಸಲಾಗುತ್ತಿದೆ ಎಂದು ಅವರ ಕಡೆಯವರು ಗೊಣಗಿದರು. ಪ್ರೇಷಿತರು ಆ ಗೊಣಗಾಟಕ್ಕೆ ಬೇಸರಿಸದೆ ಏಳು ಮಂದಿಯನ್ನು ಆ ಕೆಲಸಕ್ಕೇ ನೇಮಿಸಿದರು. ಮಾತು ಬೇರೆಯೆಂದು ಪಟ್ಟಿಯಿಂದ ಜಾರಿಬೀಳುವ ಕಷ್ಟ ಗಡಿಯಲ್ಲಿರುವ ಕನ್ನಡದವರಿಗೆ ಹೊಸದಲ್ಲ.

ಇನ್ನೊಂದು ಮಾತು. ದಾನದ ಅಕ್ಕಿ ಕೂಲಿಗೆ ಬದಲಾಗಬಾರದು. ಬಾಕಿ ಕೂಲಿ ತಡೆಹಿಡಿದವರು ಕ್ರಿಸ್ಮಸ್‌ಗೆ ಕೇಕು ಹಂಚಿದರೆ ಲೆಕ್ಕ ಚುಕ್ತಾ ಆಗುವುದಿಲ್ಲ. ಬದುಕಲು ಸಾಕಾಗುವಷ್ಟು ಕೂಲಿ ನ್ಯಾಯವಾಗಿ ಸಲ್ಲತಕ್ಕದ್ದೆಂದು 13ನೇ ಲಿಯೋ ಜಗದ್ಗುರುಗಳು 1891ರಲ್ಲೇ ಬರೆದರು. 2015ರ ಸೆಪ್ಟೆಂಬರಿನಲ್ಲಿ ಬೋನಸ್ ಕಡಿತವಾದಾಗ ಮುನ್ನಾರಿನ ಚಹಾ ತೋಟದ ಹೆಂಗಸರು ತಾವೇ ಮುಂದೆ ನಿಂತು ರಸ್ತೆಯಲ್ಲಿ ಕುಳಿತರು. ಆಗ ದಿನಗೂಲಿ 232 ರೂಪಾಯಿ. ಅವರು ಕೇಳಿದ್ದು 500. ಆ ವರ್ಷವೇ 301ಕ್ಕೆ ಒಪ್ಪಂದವಾಯಿತು. ಕೇಳಿದಷ್ಟು ಸಿಗಲಿಲ್ಲ, ನಿಜ. ಆದರೆ ಹೆಚ್ಚಿದ ಆ 69 ರೂಪಾಯಿ ಯಾರ ಧರ್ಮವೂ ಆಗಿರಲಿಲ್ಲ.

ಆದುದರಿಂದ ನಮ್ಮ ಕೋರಿಕೆ ಇಷ್ಟು. ಪ್ರತಿ ಪಾಡಿಯಲ್ಲಿ ಒಂದು ಅಕ್ಕಿ ಡಬ್ಬಿ ಇರಲಿ. ಇಬ್ಬರು ತಾಯಂದಿರು ನೋಡಿಕೊಳ್ಳಲಿ. ಯಾವ ಜಾತಿ, ಯಾವ ಮತ, ಯಾವ ಯೂನಿಯನ್ ಎಂದು ಕೇಳುವುದು ಬೇಡ. ಹೆಸರು ಓದುವುದು, ಫೋಟೋ ಹಿಡಿಯುವುದು ಬೇಡ. ಚೀಲ ಕೊಡಲು ಹೋದವರು ಕಾರ್ಡು, ಪಿ.ಎಫ್., ಬಾಕಿ ಕೂಲಿಯ ವಿಚಾರ ಕೇಳಿಕೊಂಡು ಬರಲಿ. ಓದುಬರಹ ಬಲ್ಲ ಯುವಕ ಯುವತಿಯರು ವಾರಕ್ಕೊಂದು ಸಂಜೆ ಅರ್ಜಿ ಬರೆದುಕೊಡಲಿ.

ಹಸಿದವನಿಗೆ ಇಂದೇ ಅನ್ನ ಬೇಕು, ಅದಕ್ಕೆ ನಾಳೆ ಎನ್ನಬಾರದು. ಆದರೆ ಬರುವ ಕರ್ಕಾಟಕದಲ್ಲಿ ಅದೇ ಮನೆಗೆ ಅದೇ ಚೀಲ ಹೊತ್ತುಕೊಂಡು ಹೋಗಬೇಕಾಗಿ ಬಂದರೆ, ನಮ್ಮ ಕೆಲಸ ಅರ್ಧಕ್ಕೇ ನಿಂತಿದೆ ಎಂದು ತಿಳಿಯೋಣ.