ಗ್ಯಾಂಡಾಲ್ಫನಿಗೇ ನಮ್ಮ ಓಟು

ಮಕ್ಕಳೇ, ಈ ವಾರ ಒಬ್ಬ ಮಂತ್ರವಾದಿ ಚುನಾವಣೆಗೆ ನಿಂತ ಕಥೆ. ನಿಂತ ಎಂದರೆ ಅವನಾಗಿ ನಿಂತದ್ದಲ್ಲ, ಅಭಿಮಾನಿಗಳು ಎಳೆದು ತಂದು ನಿಲ್ಲಿಸಿದ್ದು. ಅಜ್ಜ ಅಜ್ಜಿಯರೂ ಕೇಳಬಹುದು, ಏಕೆಂದರೆ ಇದು ನಮ್ಮ ಯೌವನದ ಕಾಲದ ಸಂಗತಿ.

1960ರ ದಶಕದ ಕೊನೆಯ ವರ್ಷಗಳು. ಅಮೆರಿಕದ ಕಾಲೇಜುಗಳಲ್ಲಿ ಹುಡುಗ ಹುಡುಗಿಯರು ಅಂಗಿಗೆ ಒಂದು ದುಂಡನೆಯ ಬ್ಯಾಡ್ಜ್ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಅದರ ಮೇಲೆ ‘ಗ್ಯಾಂಡಾಲ್ಫ್ ಫಾರ್ ಪ್ರೆಸಿಡೆಂಟ್’ ಎಂದು ಅಚ್ಚಾಗಿತ್ತು. ಯಾರಪ್ಪಾ ಈ ಗ್ಯಾಂಡಾಲ್ಫ್, ಯಾವ ಪಕ್ಷ ಎಂದು ಹಿರಿಯರು ಕಣ್ಣು ಬಿಟ್ಟಿರಬೇಕು. ಅವನು ಯಾವ ಪಕ್ಷದವನೂ ಅಲ್ಲ. ಉದ್ದ ಗಡ್ಡ, ಚೂಪು ಟೋಪಿ, ಕೈಯಲ್ಲೊಂದು ಕೋಲು ಇರುವ ಮಂತ್ರವಾದಿ. ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಮೇಷ್ಟ್ರಾಗಿದ್ದ ಟೋಲ್ಕಿನ್ ಎಂಬವರು ಬರೆದ ‘ದ ಲಾರ್ಡ್ ಆಫ್ ದ ರಿಂಗ್ಸ್’ ಎಂಬ ಕಾದಂಬರಿಯ ಪಾತ್ರ. ಅದು 1954-55ರಲ್ಲಿ ಮೂರು ಸಂಪುಟಗಳಲ್ಲಿ ಹೊರಬಂತು. 1965ರಲ್ಲಿ ಅಮೆರಿಕದಲ್ಲಿ ಅಗ್ಗದ ಪುಸ್ತಕವಾಗಿ ಸಿಕ್ಕಿದ್ದೇ ತಡ, ವಿದ್ಯಾರ್ಥಿಗಳು ಮುಗಿಬಿದ್ದು ಓದಿದರು.

ಬ್ಯಾಡ್ಜ್ ತಮಾಷೆಯದೇ ಸರಿ. ಆದರೆ ಅದರ ಹಿಂದೆ ಒಂದು ಸಂಕಟವೂ ಇತ್ತು. ಆಗ ವಿಯೆಟ್ನಾಮಿನಲ್ಲಿ ಯುದ್ಧ ನಡೆಯುತ್ತಿತ್ತು. ಹದಿನೆಂಟು ತುಂಬಿದ ಹುಡುಗನನ್ನು ಸರ್ಕಾರ ಸೈನ್ಯಕ್ಕೆ ಕರೆಯಬಹುದಿತ್ತು. ಆದರೆ ಹೆಚ್ಚಿನ ರಾಜ್ಯಗಳಲ್ಲಿ ಓಟು ಹಾಕಲು ಇಪ್ಪತ್ತೊಂದು ತುಂಬಬೇಕು! ಬಂದೂಕು ಹಿಡಿಯಲು ದೊಡ್ಡವನು, ಓಟು ಹಾಕಲು ಚಿಕ್ಕವನು. 1968ರ ಅಧ್ಯಕ್ಷ ಚುನಾವಣೆಯಲ್ಲಿ ನಿಕ್ಸನ್ ಗೆದ್ದಾಗ ಬ್ಯಾಡ್ಜ್ ಹಾಕಿಕೊಂಡಿದ್ದ ಎಷ್ಟೋ ಮಂದಿಗೆ ಓಟೇ ಇರಲಿಲ್ಲ. ಓಟಿಲ್ಲದವರು ಕಥೆಯವನನ್ನು ನಿಲ್ಲಿಸದೆ ಇನ್ನೇನು ಮಾಡಿಯಾರು? 1971ರಲ್ಲಿ ಅವರ ಸಂವಿಧಾನ ತಿದ್ದುಪಡಿಯಾಗಿ ದೇಶಕ್ಕೆಲ್ಲ ಹದಿನೆಂಟು ಎಂದಾಯಿತು. ನಮ್ಮ ದೇಶದಲ್ಲಿ ಅದು ಬಂದದ್ದು 1989ರಲ್ಲಿ. ನಾನು ಇಪ್ಪತ್ತೊಂದು ತುಂಬುವವರೆಗೂ ಕಾದು, 1971ರ ಲೋಕಸಭಾ ಚುನಾವಣೆಯಲ್ಲಿ ಮೊದಲ ಓಟು ಹಾಕಿದವನು. ಬೆರಳಿನ ಶಾಯಿಯನ್ನು ವಾರವಿಡೀ ಎಲ್ಲರಿಗೂ ತೋರಿಸಿದ್ದೆ.

ಈ ಬ್ಯಾಡ್ಜಿನ ಚರಿತ್ರೆಯೆಲ್ಲ ನನ್ನ ಕಿವಿಗೆ ಬಿದ್ದದ್ದು 2024ರ ಅಕ್ಟೋಬರಿನಲ್ಲಿ. ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗಿನಲ್ಲಿರುವ ಮಗಳ ಮನೆಗೆ ನಾವಿಬ್ಬರೂ ಹೋಗಿದ್ದೆವು. ಮೊಮ್ಮಗಳಿಗೆ ಹದಿನೆಂಟಾಗಿತ್ತು, ಮೊದಲ ಓಟು. ಅವಳೂ ಅವಳ ಮೂವರು ಸ್ನೇಹಿತರೂ ಈ ಮಂತ್ರವಾದಿಯ ಪುಸ್ತಕದ ಹುಚ್ಚರು. ಒಂದು ಶನಿವಾರ ಅಡುಗೆಮನೆಯ ಮೇಜಿನ ಸುತ್ತ ಕೂತು, ನನ್ನ ಹೆಂಡತಿ ಕರಿದಿಟ್ಟ ಕೋಡುಬಳೆಯನ್ನು ಕುರುಕುತ್ತ, ಚುನಾವಣೆಯ ಹರಟೆ ಶುರುಮಾಡಿದರು. ಕೋಡುಬಳೆಯೇ ರಿಂಗ್, ಒಬ್ಬನ ಬೆರಳಲ್ಲಂತೂ ಎರಡೆರಡು.

ಮೊದಲು ಬಂದ ಪ್ರಶ್ನೆ, ಗ್ಯಾಂಡಾಲ್ಫನ ನಾಮಪತ್ರ ಸ್ವೀಕಾರವಾಗುತ್ತದೆಯೇ ಎಂಬುದು. ಅಮೆರಿಕದ ಅಧ್ಯಕ್ಷನಾಗಲು ವಯಸ್ಸು 35 ತುಂಬಿರಬೇಕು. ಅವನಿಗೆ ಸಾವಿರಾರು ವರ್ಷ, ಅಡ್ಡಿಯಿಲ್ಲ. 14 ವರ್ಷ ಆ ದೇಶದಲ್ಲಿ ವಾಸವಿರಬೇಕು. ಇಲ್ಲಿ ಕಷ್ಟ. ಹುಟ್ಟಿನಿಂದಲೇ ಅಮೆರಿಕದ ಪ್ರಜೆಯಾಗಿರಬೇಕು. ಇಲ್ಲಂತೂ ಮುಗಿದೇ ಹೋಯಿತು. ಬ್ಯಾಂಕಿನಲ್ಲಿ ಖಾತೆ ತೆರೆಸುತ್ತಿದ್ದವನ ಬುದ್ಧಿ ಎಲ್ಲಿ ಹೋಗುತ್ತದೆ? “ಸದಾ ಊರೂರು ಸುತ್ತುವವನು, ಕಾಯಂ ವಿಳಾಸವಿಲ್ಲ. ಒಂದೊಂದು ಊರಿನಲ್ಲಿ ಒಂದೊಂದು ಹೆಸರು. ಅವನಿಗೆ ಉಳಿತಾಯ ಖಾತೆಯನ್ನೂ ತೆರೆದುಕೊಡುತ್ತಿರಲಿಲ್ಲ” ಎಂದೆ. ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳಿದ ಮೇಲೆ ಎಲ್ಲರೂ ನಕ್ಕರು. ಅಲ್ಲಿಂದಾಚೆ ನನಗೂ ಮೇಜಿನಲ್ಲಿ ಒಂದು ಜಾಗ ಸಿಕ್ಕಿತು.

ಆಗ ಅವರಲ್ಲೊಬ್ಬ ಹುಡುಗ, ಕನ್ನಡಕದವನು, “ನಾನು ನಿಜವಾಗಿಯೂ ಅವನ ಹೆಸರನ್ನೇ ಬರೆಯುತ್ತೇನೆ” ಎಂದ. ಅಲ್ಲಿ ಅದು ಸಾಧ್ಯ. ಮತಪತ್ರದಲ್ಲಿ ಅಭ್ಯರ್ಥಿಗಳ ಹೆಸರಿನ ಕೆಳಗೆ ಒಂದು ಖಾಲಿ ಗೆರೆ ಇರುತ್ತದೆ, ಬೇರೆ ಹೆಸರು ಬೇಕಾದರೆ ಬರೆಯಬಹುದು. ಮಿಕ್ಕಿ ಮೌಸ್ ಎಂದು ಬರೆದು ಬರುವ ಪುಣ್ಯಾತ್ಮರೂ ಇದ್ದಾರೆ.

ಮೊಮ್ಮಗಳಿಗೆ ಸಿಟ್ಟು ಬಂತು. “2000ದಲ್ಲಿ ಫ್ಲಾರಿಡಾದಲ್ಲಿ ಏನಾಯಿತು, ಗೊತ್ತಲ್ಲ?” ಎಂದಳು. ಅವರಿಗೆ ಗೊತ್ತಿತ್ತು, ನಿಮಗೆ ನಾನು ಹೇಳುತ್ತೇನೆ. ಅಲ್ಲಿ ಅಧ್ಯಕ್ಷನನ್ನು ಆರಿಸುವುದು ರಾಜ್ಯಗಳ ಲೆಕ್ಕದಲ್ಲಿ. ಒಟ್ಟು 538 ಪ್ರತಿನಿಧಿ ಮತಗಳು, 270 ಬಂದರೆ ಗೆಲುವು. ಬಹುಪಾಲು ರಾಜ್ಯಗಳಲ್ಲಿ ಒಂದು ಓಟು ಹೆಚ್ಚು ಬಂದವನಿಗೇ ಆ ರಾಜ್ಯದ ಪ್ರತಿನಿಧಿ ಮತಗಳೆಲ್ಲವೂ ಹೋಗುತ್ತವೆ. 2000ದಲ್ಲಿ ದೇಶದ ಒಟ್ಟು ಓಟಿನಲ್ಲಿ ಆಲ್ ಗೋರ್ ಐದು ಲಕ್ಷಕ್ಕೂ ಹೆಚ್ಚು ಮುಂದಿದ್ದರು. ಆದರೆ ಸುಮಾರು 60 ಲಕ್ಷ ಜನ ಓಟು ಹಾಕಿದ್ದ ಫ್ಲಾರಿಡಾದಲ್ಲಿ ಜಾರ್ಜ್ ಬುಷ್ 537 ಓಟು ಹೆಚ್ಚು ಪಡೆದರು. ಅಧ್ಯಕ್ಷರಾದವರು ಅವರು. 537 ಎಂದರೆ ಎಷ್ಟು? ನಮ್ಮ ಶಾಖೆಯ ಕೌಂಟರಿನಲ್ಲಿ ತಿಂಗಳ ಮೊದಲ ದಿನ ಪಿಂಚಣಿಗೆ ನಿಲ್ಲುತ್ತಿದ್ದ ಸಾಲು ಅದಕ್ಕಿಂತ ಸ್ವಲ್ಪ ಚಿಕ್ಕದು, ಅಷ್ಟೇ.

ಹುಡುಗ ಸುಮ್ಮನಾಗಲಿಲ್ಲ. “ಇಬ್ಬರೂ ನನಗೆ ಬೇಡವಾದರೆ?” ಎಂದ. ಅದು ಉಡಾಫೆಯ ಮಾತಾಗಿರಲಿಲ್ಲ. ಮುಖ ನೋಡಿದರೆ ತಿಳಿಯುತ್ತಿತ್ತು.

ಉತ್ತರ ಬಂದದ್ದು ಅಷ್ಟು ಹೊತ್ತೂ ಬಾಯಿ ಬಿಡದೆ ಕೋಡುಬಳೆ ಮುಗಿಸುತ್ತಿದ್ದ ಹುಡುಗಿಯಿಂದ. “ಗ್ಯಾಂಡಾಲ್ಫ್ ಒಪ್ಪುವುದೇ ಇಲ್ಲ” ಎಂದಳು. ಕಥೆಯಲ್ಲಿ ಒಂದು ಉಂಗುರವಿದೆ. ಅದನ್ನು ಹಿಡಿದವನಿಗೆ ಎಲ್ಲರನ್ನೂ ಆಳುವ ಶಕ್ತಿ. ಫ್ರೋಡೊ ಎಂಬ ಪುಟ್ಟ ಮನುಷ್ಯನ ಕೈಗೆ ಅದು ಸಿಗುತ್ತದೆ. ಅವನು ಹೆದರಿ, ನೀನೇ ತಗೋ ಎಂದು ಗ್ಯಾಂಡಾಲ್ಫನ ಮುಂದೆ ಚಾಚುತ್ತಾನೆ. ಮಂತ್ರವಾದಿ ಹೌಹಾರಿ ಎದ್ದು ನಿಲ್ಲುತ್ತಾನೆ. ನನಗೆ ಕೊಡಲೇಬೇಡ, ಒಳ್ಳೆಯದು ಮಾಡಬೇಕೆಂಬ ಆಸೆಯ ದಾರಿಯಿಂದಲೇ ಅದು ನನ್ನನ್ನು ಹಿಡಿಯುತ್ತದೆ ಎಂಬ ಅರ್ಥದ ಮಾತು ಹೇಳುತ್ತಾನೆ. ಟೋಲ್ಕಿನ್ನರ ಮನಸ್ಸೂ ಹಾಗೆಯೇ ಇತ್ತು. 1943ರಲ್ಲಿ ಮಗನಿಗೆ ಬರೆದ ಕಾಗದದಲ್ಲಿ, ಇನ್ನೊಬ್ಬರ ಮೇಲೆ ಯಜಮಾನಿಕೆ ಮಾಡಲು ಹತ್ತು ಲಕ್ಷಕ್ಕೊಬ್ಬನೂ ಯೋಗ್ಯನಲ್ಲ, ಅದನ್ನೇ ಹುಡುಕಿಕೊಂಡು ಹೋಗುವವನಂತೂ ಅಲ್ಲವೇ ಅಲ್ಲ ಎಂಬ ಧಾಟಿಯಲ್ಲಿ ಹೇಳಿದ್ದಾರೆ.

ನಾನು ಬಿಡುತ್ತೇನೆಯೇ? ಸಿಂಹಾಸನದ ಮೇಲೆ ಅಣ್ಣನ ಪಾದುಕೆ ಇಟ್ಟ ಭರತನನ್ನೂ, ಅಣ್ಣನನ್ನು ಗೆದ್ದೂ ರಾಜ್ಯ ಬಿಟ್ಟು ನಡೆದ ಬಾಹುಬಲಿಯನ್ನೂ ಮೇಜಿನ ಮೇಲೆ ತಂದು ನಿಲ್ಲಿಸಿದೆ. (ಬಾಹುಬಲಿಯ ಅಣ್ಣನ ಹೆಸರೂ ಭರತನೇ. ಪರೀಕ್ಷೆಯಲ್ಲಿ ಇಬ್ಬರನ್ನೂ ಸೇರಿಸಿ ಬರೆಯಬೇಡಿ.) ಶ್ರವಣಬೆಳಗೊಳದ ಮೂರ್ತಿಯ ಫೋಟೋ ನೋಡಿ ಕನ್ನಡಕದ ಹುಡುಗ, “ಇವರು ನಿಲ್ಲುತ್ತಾರಾ?” ಎಂದು ಕೇಳಿದ. ಸಾವಿರ ವರ್ಷಕ್ಕೂ ಮೇಲಿಂದ ನಿಂತೇ ಇದ್ದಾರಪ್ಪಾ, ಆದರೆ ಚುನಾವಣೆಗಲ್ಲ ಎಂದೆ.

“ಸರಿ ತಾತ” ಎಂದಳು ಮೊಮ್ಮಗಳು. “ಒಳ್ಳೆಯವರು ಬೇಡ ಅಂತಾರೆ. ಬೇಕು ಅನ್ನೋರ ಮೇಲೆ ನಂಬಿಕೆ ಇಲ್ಲ. ಹಾಗಾದರೆ ನಾನು ಯಾರಿಗೆ ಓಟು ಹಾಕೋದು?”

ಇದಕ್ಕೆ ನನ್ನ ಹತ್ತಿರ ಇದ್ದದ್ದು ಬ್ಯಾಂಕಿನ ಉತ್ತರ ಒಂದೇ. ನಮ್ಮ ಶಾಖೆಯ ಹೆಡ್ ಕ್ಯಾಷಿಯರ್ ದೇವರಂಥ ಮನುಷ್ಯ. ಒಮ್ಮೆ ಒಬ್ಬ ರೈತ ಹೆಚ್ಚಾಗಿ ಕಟ್ಟಿಹೋದ ನೂರು ರೂಪಾಯಿ ಹಿಂತಿರುಗಿಸಲು ಸಂಜೆ ಸೈಕಲ್ಲಿನಲ್ಲಿ ಅವನ ಹಳ್ಳಿಗೆ ಹೋಗಿ ಬಂದವರು. ಆದರೂ ಸ್ಟ್ರಾಂಗ್ ರೂಮಿಗೆ ಎರಡು ಕೀಲಿ. ಒಂದು ಅವರ ಹತ್ತಿರ, ಇನ್ನೊಂದು ಅಕೌಂಟೆಂಟರ ಹತ್ತಿರ. ಇಬ್ಬರೂ ಬಂದರೇ ಬಾಗಿಲು ತೆರೆಯುವುದು. ಅವರ ಮೇಲೆ ಅನುಮಾನವೇ ಎಂದು ಯಾರೂ ಕೇಳಲಿಲ್ಲ, ಅವರಿಗೂ ಬೇಸರವಿರಲಿಲ್ಲ. ಎರಡು ಕೀಲಿ ಇದ್ದದ್ದರಿಂದ ರಾತ್ರಿ ನಿದ್ದೆ ಬರುತ್ತದೆ ಎನ್ನುತ್ತಿದ್ದರು.

ಅಮೆರಿಕದ ಅಧ್ಯಕ್ಷನ ಕೈಗೂ ಒಂದೇ ಕೀಲಿ. ಖಜಾನೆಯಿಂದ ಹಣ ತೆಗೆಯಲು ಸಂಸತ್ತಿನ ಮಂಜೂರಾತಿ ಬೇಕು. ಸಂಸತ್ತು ಮಾಡಿದ ಮಸೂದೆಗೆ ಅವನ ಸಹಿ ಬೇಕು. ಅವನು ಸಹಿ ಹಾಕೆನೆಂದರೆ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮಂದಿ ಸೇರಿ ಅವನನ್ನು ದಾಟಿ ಹೋಗಬಹುದು. ಮೊಮ್ಮಗಳು ಇನ್ನೊಂದನ್ನು ನೆನಪಿಸಿದಳು. ಮೊದಲ ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ 1797ರಲ್ಲಿ ಎರಡು ಅವಧಿ ಮುಗಿಸಿ, ಸಾಕು ಎಂದು ಊರಿಗೆ ಹೊರಟುಬಿಟ್ಟರು. ಸುಮಾರು 140 ವರ್ಷ ಅದೇ ರೂಢಿಯಾಗಿ ನಡೆಯಿತು. ಫ್ರ್ಯಾಂಕ್ಲಿನ್ ರೂಸ್‌ವೆಲ್ಟ್ ಮಾತ್ರ ನಾಲ್ಕು ಸಲ ಗೆದ್ದರು. ಆಮೇಲೆ 1951ರಲ್ಲಿ, ಯಾರೇ ಆಗಲಿ ಎರಡು ಸಲಕ್ಕಿಂತ ಹೆಚ್ಚು ಆರಿಸಿ ಬರಕೂಡದು ಎಂದು ಸಂವಿಧಾನದಲ್ಲೇ ಬರೆದಿಟ್ಟರು. ಉಂಗುರ ಬೇಡ ಎನ್ನುವ ಮನಸ್ಸು ಎಲ್ಲರಿಗೂ ಇರುವುದಿಲ್ಲವಲ್ಲ, ಅದಕ್ಕೇ ಕಾನೂನು.

ಕನ್ನಡಕದ ಹುಡುಗ ಬಹಳ ಹೊತ್ತು ಯೋಚಿಸಿ, “ಹಾಗಾದರೆ ಬೊರೊಮಿರ್‌ಗೆ ಓಟು ಹಾಕಬಹುದು” ಎಂದ. ಬೊರೊಮಿರ್ ಆ ಕಥೆಯ ಒಬ್ಬ ವೀರ. ಕೆಟ್ಟವನಲ್ಲ. ತನ್ನ ನಗರವನ್ನು ಉಳಿಸಬೇಕೆಂಬ ಹಂಬಲದಲ್ಲಿ ಉಂಗುರಕ್ಕೆ ಕೈಹಾಕಿ, ಆಮೇಲೆ ಪಶ್ಚಾತ್ತಾಪ ಪಟ್ಟು, ಇಬ್ಬರು ಪುಟ್ಟವರನ್ನು ಕಾಪಾಡಲು ಹೋರಾಡುತ್ತ ಸಾಯುತ್ತಾನೆ. ಬೊರೊಮಿರ್ ನಿಂತರೆ ಗೆಲ್ಲುತ್ತಾನೆಯೇ ಎಂದು ದೊಡ್ಡ ಜಗಳವೇ ಆಯಿತು. ಗೆಲ್ಲುತ್ತಾನೆ ಎಂದು ಮೂವರು. ಗೆದ್ದರೂ ಎರಡನೇ ಕೀಲಿಯನ್ನು ಕಿತ್ತುಕೊಳ್ಳಲು ನೋಡುತ್ತಾನೆ, ಕಾಯುವವರು ಎಚ್ಚರವಾಗಿರಬೇಕು ಎಂದು ಆ ಮಾತು ಕಡಿಮೆಯ ಹುಡುಗಿ. ನೀವು ಕಥೆ ಓದಿದ್ದರೆ ನಿಮ್ಮ ಅಭಿಪ್ರಾಯ ಬರೆದು ಕಳಿಸಿ.

ನವೆಂಬರ್ 5, ಮಂಗಳವಾರ. ಮೊಮ್ಮಗಳು ಬೆಳಿಗ್ಗೆಯೇ ಹೊರಟಳು, ಕನ್ನಡಕದ ಹುಡುಗನನ್ನೂ ಅವನ ಮನೆಯಿಂದ ಕಾರಿನಲ್ಲಿ ಹತ್ತಿಸಿಕೊಂಡು. ಬೆರಳಿಗೆ ಅಲ್ಲಿ ಶಾಯಿ ಹಚ್ಚುವುದಿಲ್ಲ, ಓಟು ಹಾಕಿದೆ ಎಂಬ ಪುಟ್ಟ ಚೀಟಿಯನ್ನು ಅಂಗಿಗೆ ಅಂಟಿಸಿಕೊಂಡು ಇಬ್ಬರೂ ಬಂದರು. ಯಾರಿಗೆ ಹಾಕಿದಿರಿ ಎಂದು ನಾನು ಕೇಳಲಿಲ್ಲ. ಅವಳ ಅಜ್ಜಿ ಕೇಳಿದಳು. ಉಪ್ಪಿಟ್ಟು ಬಡಿಸುತ್ತ ಒಮ್ಮೆ, ಕಾಫಿ ಕೊಡುತ್ತ ಇನ್ನೊಮ್ಮೆ. ಇಬ್ಬರೂ ಬಾಯಿ ಬಿಡಲಿಲ್ಲ.